ಮಳೆ ಹಿಡಿಯುವ ಮುಂಚೆ: ಮಲೆನಾಡಿನ ಮನೆಗೆ ಸಾರಿನ ಪುಡಿ, ಸೂಪಿನ ಪುಡಿ

ಸಾರಿನ ಪುಡಿಯ ಅಳತೆ ಕೇಳುವವರು ಬಹಳ ಜನ. ಕೊತ್ತಂಬರಿ ಎಷ್ಟು, ಮೆಣಸಿನಕಾಯಿ ಎಷ್ಟು, ಮೆಂತ್ಯ ಹಾಕುತ್ತೀರಾ ಇಲ್ಲವಾ ಎಂದು ವಿಚಾರಿಸುತ್ತಾರೆ. ಹೇಗೆ ಒಣಗಿಸಿದಿರಿ ಎಂದು ಕೇಳುವವರು ಅಪರೂಪ. ಮಲೆನಾಡಿನಲ್ಲಿ ಪುಡಿ ಹಾಳಾಗುವುದು ಮಾತ್ರ ಹೆಚ್ಚಾಗಿ ಅಲ್ಲೇ. ಅಳತೆ ಸ್ವಲ್ಪ ಆಚೀಚೆಯಾದರೆ ಸಾರಿನ ರುಚಿ ಸ್ವಲ್ಪ ಬದಲಾಗುತ್ತದೆ, ಅಷ್ಟೆ. ಒಣಗು ಸಾಲದಿದ್ದರೆ ಆಷಾಢ ಕಳೆಯುವುದರೊಳಗೆ ಡಬ್ಬಿಯಲ್ಲಿ ಮುಗ್ಗಲು ವಾಸನೆ ಏಳುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರಿಗೂ ಹತ್ತಿರ ಇರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಪೇಟೆಯ ಗೆಳತಿ ಹೇಳಿಕೊಟ್ಟಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮಾಡಿದರೆ ಅದೇ ಪುಡಿ ಅಷ್ಟು ದಿನ ಬಾಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಆ ಹವೆಯಲ್ಲಿ ಉಳಿಯಬೇಕಾದ ಪುಡಿಗೆ ಬೇರೆಯೇ ಕ್ರಮ ಬೇಕು. ಬೇಸಿಗೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಒಣಗಿಸಿ ಇಡಿಯಾಗಿಯೇ ತುಂಬಿಡಬೇಕು. ಹುರಿದು ಪುಡಿ ಮಾಡುವುದು ಮಾತ್ರ ಎರಡು ಎರಡೂವರೆ ತಿಂಗಳಿಗೆ ಸಾಕಾಗುವಷ್ಟೇ. ಇಡೀ ಕಾಳಿನೊಳಗೆ ಎಣ್ಣೆಯೂ ಘಮವೂ ಭದ್ರವಾಗಿರುತ್ತವೆ. ಒಡೆದ ಗಳಿಗೆಯಿಂದ ಅವೆರಡೂ ಗಾಳಿಗೆ ಹೋಗತೊಡಗುತ್ತವೆ, ಗಾಳಿಯ ತೇವ ಒಳಗೆ ಬರತೊಡಗುತ್ತದೆ. ವರ್ಷಕ್ಕಾಗುವಷ್ಟು ಪುಡಿಯನ್ನು ಒಮ್ಮೆಲೇ ಗಿರಣಿಗೆ ಹಾಕಿಸುವ ಪದ್ಧತಿ ಬಯಲುಸೀಮೆಗೆ ಸರಿ. ಮಲೆನಾಡಿಗೆ ಅದು ಹೊಂದುವುದಿಲ್ಲ.

ಸಾಮಾನು ತರುವಾಗ

ಫೆಬ್ರುವರಿ, ಮಾರ್ಚ್ ಈ ಕೆಲಸಕ್ಕೆ ಒಳ್ಳೆಯ ಕಾಲ. ಅಡಿಕೆ ಕೊಯ್ಲು ಮುಗಿದು ಚಪ್ಪರ ಖಾಲಿಯಾಗಿರುತ್ತದೆ, ಬಿಸಿಲು ಗಟ್ಟಿಯಾಗಿರುತ್ತದೆ, ಬ್ಯಾಡಗಿ ಮಾರುಕಟ್ಟೆಯಿಂದ ಹೊಸ ಮೆಣಸಿನಕಾಯಿ ಬಂದಿರುತ್ತದೆ. ಏಪ್ರಿಲ್‌ನಲ್ಲೂ ಬಿಸಿಲಿದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಯಾವಾಗ ಬಂದೀತು ಎಂದು ಅಂಗಳ ಕಾಯುತ್ತ ಕೂರಬೇಕಾಗುತ್ತದೆ.

2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂಬ ಎರಡು ಬಗೆ ಉಂಟು. ಕಡ್ಡಿ ಉದ್ದ, ಸಣಕಲು, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಬೇಕೆನ್ನುವವರು ನಾಲ್ಕರಲ್ಲಿ ಒಂದು ಪಾಲು ಗುಂಟೂರು ಸೇರಿಸಬಹುದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ಊರಿನ ಸಂತೆಯಲ್ಲಾಗಲಿ ಕೊಳ್ಳುವಾಗ ಒಂದು ಹಿಡಿ ಎತ್ತಿ ಹಗುರಾಗಿ ಅದುಮಿ ನೋಡಿ. ಸರಸರ ಸದ್ದು ಬರಬೇಕು, ತೊಟ್ಟು ಗಟ್ಟಿಯಾಗಿ ಅಂಟಿಕೊಂಡಿರಬೇಕು. ಸದ್ದೇ ಇಲ್ಲದೆ ಮೆದುವಾಗಿ ಬಾಗಿದರೆ ಅದು ತೂಕಕ್ಕಾಗಿ ನೀರು ಚಿಮುಕಿಸಿದ್ದಿರಬಹುದು, ಇಲ್ಲವೇ ಶೈತ್ಯಾಗಾರದಿಂದ ಈಗಷ್ಟೇ ಹೊರಬಂದದ್ದಿರಬಹುದು. ಬಿಳಿಚಿದ ಕಾಯಿ, ಒಳಗೆ ಕಪ್ಪು ಅಥವಾ ಬೂದು ಪುಡಿ ಕಂಡ ಕಾಯಿ ಬೇಡವೇ ಬೇಡ.

ಕಾಳುಮೆಣಸಂತೂ ನಮ್ಮದೇ. ತೋಟದಲ್ಲಿ ಬಳ್ಳಿ ಇದ್ದವರು ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಕಾಳು ಬಿಡಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಒಣಗಿಸಲಿ. ಹೀಗೆ ಮಾಡಿದರೆ ಧೂಳು, ಸೂಕ್ಷ್ಮಜೀವಿ ತೊಳೆದು ಹೋಗುತ್ತವೆ, ಬಣ್ಣ ಒಂದೇ ಸಮನಾಗಿ ಕಪ್ಪಾಗುತ್ತದೆ, ಒಣಗುವುದೂ ಬೇಗ. ಮೂರು ಕೆಜಿ ಹಸಿಗೆ ಸುಮಾರು ಒಂದು ಕೆಜಿ ಒಣಮೆಣಸು ಸಿಗುತ್ತದೆ. ಶುಂಠಿಯೂ ಹಾಗೆಯೇ: ಸೊರಬ, ಶಿಕಾರಿಪುರ, ಸಾಗರದ ಗದ್ದೆಗಳಲ್ಲಿ ಬೆಳೆಯುವುದನ್ನೇ ತಂದು, ತೊಳೆದು, ಸಿಪ್ಪೆ ಹೆರೆದು, ಬಿಲ್ಲೆ ಮಾಡಿ ಒಣಗಿಸಿಟ್ಟರೆ ವರ್ಷಪೂರ್ತಿ ಸೂಪಿಗೆ, ಕಷಾಯಕ್ಕೆ ಆಯಿತು.

ಒಣಗಿಸುವುದು

ಅಡಿಕೆ ಒಣಗಿಸಿದ ತಟ್ಟಿಯ ಮೇಲೆ ನೇರವಾಗಿ ಸಾಂಬಾರ ಪದಾರ್ಥ ಹರಡಬೇಡಿ. ಬೇಯಿಸಿದ ಅಡಿಕೆಯ ಚೊಗರು ಅದರಲ್ಲಿ ಇಳಿದಿರುತ್ತದೆ, ಕೊತ್ತಂಬರಿಗೂ ಜೀರಿಗೆಗೂ ಆ ಒಗರು ಹತ್ತುತ್ತದೆ. ತೊಳೆದ ಹಳೆಯ ಬಿಳಿ ಪಂಚೆ ಹಾಸಿ ಅದರ ಮೇಲೆ ಹರಡಿ. ಹಳೆ ಪತ್ರಿಕೆಯ ಮೇಲೆ ಹರಡುವ ಅಭ್ಯಾಸ ಎಲ್ಲ ಕಡೆ ಇದೆ, ಆದರೆ ಮುದ್ರಣದ ಶಾಯಿ ಆಹಾರಕ್ಕೆ ತಾಗುವುದು ಒಳ್ಳೆಯದಲ್ಲ. ಚಪ್ಪರದ ಮೇಲೆ ಹಾಕುವುದಾದರೆ ಇನ್ನೂ ಮೇಲು, ಕೆಳಗಿನಿಂದಲೂ ಗಾಳಿ ಆಡುತ್ತದೆ.

ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ, ಅಂದರೆ ಒಂಬತ್ತೂವರೆ ಹತ್ತು ಗಂಟೆಗೆ, ಹೊರಗೆ ಹಾಕಿ. ನಾಲ್ಕು ಗಂಟೆಗೆಲ್ಲ ಒಳಗೆ ತನ್ನಿ. ಈ ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಇಳಿಬಿಸಿಲಿನಲ್ಲಿ ಕಾಡಿನ ಕಡೆಯಿಂದ ತಂಪು ಹರಿಯತೊಡಗಿದ ಕೂಡಲೇ ಹಗಲೆಲ್ಲ ಬಿಟ್ಟ ತೇವವನ್ನು ಪದಾರ್ಥ ವಾಪಸ್ಸು ಎಳೆದುಕೊಳ್ಳುತ್ತದೆ. ಒಳಗೆ ತಂದದ್ದನ್ನು ಬಿಸಿಯಿರುವಾಗಲೇ ಮುಚ್ಚಿಡಬಾರದು, ಬಟ್ಟೆ ಹೊದಿಸಿ ಆರಲು ಬಿಡಬೇಕು.

ಎಷ್ಟು ದಿನ ಎಂಬುದಕ್ಕಿಂತ ಯಾವ ಗುರುತು ಎಂಬುದು ಮುಖ್ಯ. ಮೆಣಸಿನಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ತೊಟ್ಟು ಬಾಗದೆ ಮುರಿಯಬೇಕು. ಶುಂಠಿ ಬಿಲ್ಲೆ ಟಕ್ಕನೆ ತುಂಡಾಗಬೇಕು. ಕರಿಬೇವು ಅಂಗೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು. ಕೊತ್ತಂಬರಿ ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಎರಡು ಹೋಳಾಗಬೇಕು. ಇಷ್ಟಾದ ಮೇಲೆ ಇನ್ನೊಂದು ಪರೀಕ್ಷೆ ಇದೆ, ಅದನ್ನು ಬಿಡಬೇಡಿ: ಸ್ವಲ್ಪವನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಒಂದು ಇಡೀ ದಿನ ಬಿಡಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದರೆ, ಒಂದಕ್ಕೊಂದು ಅಂಟಿಕೊಂಡರೆ, ಇನ್ನೂ ಎರಡು ಬಿಸಿಲು ಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗಿನ ತೇವ ಹೊರಬರಲು ಸಮಯ ಹಿಡಿಯುತ್ತದೆ. ಮುಚ್ಚಿದ ಬಾಟಲಿ ಅದನ್ನು ತೋರಿಸಿಕೊಡುತ್ತದೆ.

ಸೊಪ್ಪುಗಳಿಗೆ ಬಿಸಿಲು ಬೇಡ. ಕರಿಬೇವು, ನುಗ್ಗೆಸೊಪ್ಪನ್ನು ತೊಳೆದು, ನೀರು ಒರೆಸಿ, ಜಗಲಿಯ ನೆರಳಿನಲ್ಲಿ ಗಾಳಿ ಆಡುವ ಕಡೆ ತೆಳ್ಳಗೆ ಹರಡಿ. ಮೂರು ನಾಲ್ಕು ದಿನದಲ್ಲಿ ಹಸಿರಾಗಿಯೇ ಒಣಗುತ್ತವೆ. ಬಿಸಿಲಿಗಿಟ್ಟರೆ ಬಣ್ಣವೂ ಹೋಗುತ್ತದೆ, ಪರಿಮಳವೂ ಹೋಗುತ್ತದೆ.

ಮಳೆಗಾಲದ ಮಧ್ಯೆ ಪುಡಿ ಮುಗಿದು ಕಾಳು ಮೆತ್ತಗಾಗಿದ್ದರೆ ಏನು ಮಾಡುವುದು? ಒಂದು ಹೊಳವು ಸಿಕ್ಕಿತೆಂದು ಅಂಗಳಕ್ಕೆ ಹಾಕುವುದರಿಂದ ಉಪಯೋಗವಿಲ್ಲ, ಆ ಬಿಸಿಲಿನ ಗಾಳಿಯಲ್ಲೂ ನೀರಿರುತ್ತದೆ. ಓವನ್ ಇದ್ದವರು 60 ಡಿಗ್ರಿಗಿಟ್ಟು ಬಾಗಿಲು ಒಂದಿಷ್ಟು ತೆರೆದಿಟ್ಟು ಒಂದೆರಡು ಗಂಟೆ ಬಿಡಬಹುದು. ಇಲ್ಲದವರಿಗೆ ದಪ್ಪ ತಳದ ಬಾಣಲೆಯೇ ದಾರಿ: ಅತಿ ಸಣ್ಣ ಉರಿಯಲ್ಲಿ, ಕೈ ಬಿಡದೆ, ಬಣ್ಣ ಬದಲಾಗದಷ್ಟು ಬೆಚ್ಚಗೆ ಮಾಡುತ್ತ ಇರಬೇಕು. ಬಚ್ಚಲ ಒಲೆಯ ಮೇಲಿನ ಅಟ್ಟ ಹುಳಿಗೆ ಬಳಸುವ ಉಪ್ಪಾಗೆ ಹಣ್ಣಿನ ಸಿಪ್ಪೆಗೆ ಲಾಯಕ್ಕು. ಕೊತ್ತಂಬರಿ, ಜೀರಿಗೆಯನ್ನು ಅಲ್ಲಿಟ್ಟರೆ ಹೊಗೆ ವಾಸನೆ ಹಿಡಿದು ಸಾರಿಗೆ ಬಾರದಂತಾಗುತ್ತವೆ.

ಸಾರಿನ ಪುಡಿ

ಈ ಅಳತೆ ನಾಲ್ಕು ಜನರ ಮನೆಗೆ ಎರಡೂವರೆ ತಿಂಗಳ ಆಸುಪಾಸು ಬರುತ್ತದೆ. ದಿನಾ ಸಾರು ಮಾಡದವರು ಅರ್ಧ ಮಾಡಿಕೊಳ್ಳಿ.

ಕೊತ್ತಂಬರಿ ಬೀಜ 250 ಗ್ರಾಂ
ಬ್ಯಾಡಗಿ ಮೆಣಸಿನಕಾಯಿ 150 ಗ್ರಾಂ
ಜೀರಿಗೆ 50 ಗ್ರಾಂ
ಕಾಳುಮೆಣಸು 30 ಗ್ರಾಂ
ಮೆಂತ್ಯ 15 ಗ್ರಾಂ
ಸಾಸಿವೆ 15 ಗ್ರಾಂ
ಒಣಗಿದ ಕರಿಬೇವು ಎರಡು ಹಿಡಿ
ಅರಿಶಿನ ಪುಡಿ ಒಂದು ಚಮಚ, ಕಡಲೆಕಾಳು ಗಾತ್ರದ ಗಟ್ಟಿ ಇಂಗು ಎರಡು

ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಸುರಿದು ಹುರಿದರೆ ಕೊತ್ತಂಬರಿ ಹದಕ್ಕೆ ಬರುವ ಹೊತ್ತಿಗೆ ಜೀರಿಗೆ ಕರಕಲಾಗಿರುತ್ತದೆ. ಉರಿ ಮೊದಲಿನಿಂದ ಕೊನೆಯವರೆಗೆ ಸಣ್ಣದೇ.

ಕೊತ್ತಂಬರಿಯಿಂದ ಶುರು ಮಾಡಿ. ಎರಡು ಸಲಕ್ಕೆ ಹಾಕಿ, ಬಾಣಲೆ ತುಂಬಬಾರದು. ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಕಾಳು ಹಗುರಾಗಿ ಸೌಟಿಗೆ ತಾಗುವ ಸದ್ದು ಬದಲಾಗುತ್ತದೆ, ಆಮೇಲೆ ಸಿಪ್ಪೆ ತಿಳಿಗಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ನಿಲ್ಲಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಹುರಿಯುತ್ತಲೇ ಇರುತ್ತದೆ. ಮೆಂತ್ಯದ ಮೇಲೆ ಕಣ್ಣಿರಲಿ: ಹಳದಿಯಿಂದ ಕೆಂಬಣ್ಣಕ್ಕೆ ಬಂದ ತಕ್ಷಣ ತೆಗೆಯಬೇಕು, ಇನ್ನರ್ಧ ನಿಮಿಷ ತಡವಾದರೆ ಇಡೀ ಪುಡಿಯೇ ಕಹಿ. ಸಾಸಿವೆ ಚಟಪಟ ಅನ್ನುವವರೆಗೆ, ಕಾಳುಮೆಣಸು ಅಲ್ಲೊಂದು ಇಲ್ಲೊಂದು ಉಬ್ಬುವವರೆಗೆ, ಜೀರಿಗೆ ಪರಿಮಳ ಬಿಡುವವರೆಗೆ ಮಾತ್ರ. ಜೀರಿಗೆಗೆ ಒಂದೆರಡು ನಿಮಿಷ ಸಾಕು.

ಮೆಣಸಿನಕಾಯಿಯನ್ನು ಆ ದಿನವೇ ಎರಡು ಗಂಟೆ ಬಿಸಿಲಿಗಿಟ್ಟು ಬೆಚ್ಚಗಿರುವಾಗಲೇ ಬಾಣಲೆಗೆ ಹಾಕಿದರೆ ಬೇಗ ಗರಿಗರಿಯಾಗುತ್ತದೆ, ಘಾಟೂ ಕಡಿಮೆ. ಕೊಬ್ಬರಿ ಎಣ್ಣೆ ಒಂದು ಚಮಚ ಬಿಟ್ಟು ಹುರಿಯುವ ಮನೆಗಳು ಬಹಳ, ಅದರ ಬಣ್ಣ ನಿಜಕ್ಕೂ ಚೆಂದ. ಆದರೆ ಆ ಎಣ್ಣೆ ಕಮಟಾಗುವುದು ಖಚಿತ. ತಿಂಗಳೊಪ್ಪತ್ತಿನಲ್ಲಿ ಮುಗಿಸುವ ಪುಡಿಗೆ ಎಣ್ಣೆ ಹಾಕಿ. ಮಳೆಗಾಲಕ್ಕೆ ಇಡುವ ಪುಡಿಗೆ ಒಂದು ಹನಿಯೂ ಬೇಡ. ಕೊಬ್ಬರಿಯ ಮಾತೂ ಅದೇ. ಹುರಿದ ಕೊಬ್ಬರಿ ಸೇರಿಸಿದ ಪುಡಿ ರುಚಿಯಲ್ಲಿ ಮೇಲು, ಬಾಳಿಕೆಯಲ್ಲಿ ಕೆಳಗೆ. ಸಾರು ಮಾಡುವ ದಿನ ತಾಜಾ ಕಾಯಿ ರುಬ್ಬಿ ಹಾಕಿಕೊಂಡರೆ ಎರಡೂ ಸಿಗುತ್ತದೆ.

ಕೊನೆಗೆ ಒಲೆ ಆರಿಸಿ ಬಿಸಿ ಬಾಣಲೆಯಲ್ಲಿ ಕರಿಬೇವು, ಇಂಗು, ಅರಿಶಿನ. ಗಟ್ಟಿ ಇಂಗು ಉಬ್ಬಿ ಹಗುರಾಗುತ್ತದೆ. ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಗೋಂದು ಬೆರೆತಿರುತ್ತದೆ, ಗೋಧಿ ಒಗ್ಗದವರಿದ್ದರೆ ಪೊಟ್ಟಣದ ಮೇಲಿನ ವಿವರ ಓದಿಕೊಳ್ಳಿ.

ಈಗ ಆರಲು ಬಿಡಿ. ಅವಸರ ಮಾಡಬೇಡಿ, ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ತಣ್ಣಗಾಗಲಿ. ಆದರೆ ರಾತ್ರಿಯಿಡೀ ತೆರೆದಿಟ್ಟು ಮಲಗಬೇಡಿ, ಗಾಳಿಯ ತೇವ ಕುಡಿದುಬಿಡುತ್ತದೆ. ಮಿಕ್ಸಿಯನ್ನು ಒಮ್ಮೆಲೇ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ. ಬ್ಲೇಡಿನ ಶಾಖಕ್ಕೇ ಅರ್ಧ ಪರಿಮಳ ಹಾರಿಹೋಗುತ್ತದೆ. ಪುಡಿಯಾದ ಮೇಲೂ ಬಿಸಿಯಿರುತ್ತದೆ. ಮತ್ತೆ ತಟ್ಟೆಗೆ ಹರಡಿ, ಕೈಗೆ ತಣ್ಣಗೆ ತಾಗಿದ ಮೇಲೆಯೇ ಬಾಟಲಿಗೆ. ಬಿಸಿಪುಡಿ ತುಂಬಿ ಮುಚ್ಚಿದರೆ ಒಳಗೇ ಹಬೆಯಾಗಿ, ಹನಿಯಾಗಿ, ಮೇಲಿನ ಪದರದಲ್ಲೇ ಬೂಷ್ಟು ಹುಟ್ಟುತ್ತದೆ. ಉಪ್ಪು ಬೆರೆಸಬೇಡಿ. ಹರಳುಪ್ಪಿನಲ್ಲಿರುವ ಮೆಗ್ನೀಸಿಯಂ ಲವಣ ಗಾಳಿಯ ನೀರನ್ನು ಸೆಳೆಯುತ್ತದೆ, ತನ್ನ ಜೊತೆಗೆ ಪುಡಿಯನ್ನೂ ಗಟ್ಟಿ ಮಾಡುತ್ತದೆ.

ಹುರಳಿ ಸೂಪಿನ ಪುಡಿ

ಪೇಟೆಯ ಪೊಟ್ಟಣದ ಸೂಪಿಗೆ ಮಂದ ಕೊಡುವುದು ಹೆಚ್ಚಾಗಿ ಜೋಳದ ಪಿಷ್ಟ. ನಮ್ಮಲ್ಲಿ ಆ ಕೆಲಸವನ್ನು ಹುರಳಿ ಮಾಡುತ್ತದೆ, ರುಚಿಯನ್ನೂ ಅದೇ ಕೊಡುತ್ತದೆ. ಜಡಿಮಳೆಯ ಸಂಜೆಗೆ ಇದಕ್ಕಿಂತ ಒಳ್ಳೆಯ ಸೂಪು ನನಗೆ ಗೊತ್ತಿಲ್ಲ.

ಕಾಲು ಕೆಜಿ ಹುರಳಿಯನ್ನು ಕಲ್ಲು ಆರಿಸಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿ, ಬಿಸಿಲಿಗೆ ಒಣಗಿಸಿ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿಯಿರಿ. ಕಾಳು ಚಟ್ ಚಟ್ ಎಂದು ಸಿಡಿಯತೊಡಗಿ, ಬಣ್ಣ ಒಂದು ಮಟ್ಟ ಕಡುವಾಗಿ, ಅಡುಗೆಮನೆಯಾಚೆಗೂ ಘಮ ಹೋಗಬೇಕು. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ: ಕಟುಂ ಎಂದು ಒಡೆದರೆ ಆಯಿತು, ಹಲ್ಲಿಗೆ ಅಂಟಿದರೆ ಇನ್ನೂ ಹಸಿ. ಹಸಿ ಉಳಿದರೆ ಸೂಪು ಎಷ್ಟು ಕುದಿಸಿದರೂ ಹಿಟ್ಟಿನ ವಾಸನೆ ಬಿಡುವುದಿಲ್ಲ.

ಇದಕ್ಕೆ ಬೇರೆಯಾಗಿ ಹುರಿದ ಜೀರಿಗೆ 20 ಗ್ರಾಂ, ಕಾಳುಮೆಣಸು 15 ಗ್ರಾಂ, ಒಣಶುಂಠಿ 8 ಗ್ರಾಂ, ಕರಿಬೇವು ಒಂದು ಹಿಡಿ. ಬೆಳ್ಳುಳ್ಳಿ ತಿನ್ನುವ ಮನೆಯವರು ಎಸಳನ್ನು ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಒಣಗಿಸಿ ಸೇರಿಸಬಹುದು. ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ತರಿ ಉಳಿದರೆ ಲೋಟದ ತಳದಲ್ಲಿ ಮರಳು ಕೂತಂತಾಗುತ್ತದೆ.

ಹುಳಿಗೆ ವಾಟೆ ಹುಳಿ ಪುಡಿ 15 ಗ್ರಾಂ. ವಾಟೆಕಾಯಿ ಹೆಚ್ಚಿ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳುವ ಮನೆಗಳು ಸಾಗರ, ಸಿರಸಿ ಕಡೆ ಈಗಲೂ ಇವೆ. ಒಣಪುಡಿಗಳಿಗೆ ಇದಕ್ಕಿಂತ ಸರಿಯಾದ ಹುಳಿ ಇನ್ನೊಂದಿಲ್ಲ. ಹುಣಸೆ ಎಷ್ಟು ಒಣಗಿಸಿದರೂ ಜಿಗುಟು ಬಿಡದೆ ಪುಡಿಯನ್ನೆಲ್ಲ ಗಂಟು ಕಟ್ಟಿಸುತ್ತದೆ. ವಾಟೆ ಸಿಗದಿದ್ದರೆ ಪುಡಿಯನ್ನು ಹುಳಿಯಿಲ್ಲದೆಯೇ ಇಟ್ಟು, ಸೂಪು ಕುದಿಯುವಾಗ ಒಂದೆರಡು ಮುರುಗಲು ಸಿಪ್ಪೆ ಹಾಕಿ ಆಮೇಲೆ ತೆಗೆಯಿರಿ. ಇಲ್ಲವೇ ಇಳಿಸಿದ ಮೇಲೆ ನಿಂಬೆ ಹಿಂಡಿ.

ಮಾಡುವಾಗ ಎರಡು ದೊಡ್ಡ ಚಮಚ ಪುಡಿಯನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದೂವರೆ ಲೋಟ ಬಿಸಿನೀರಿಗೆ ಬೆರೆಸಿ, ಉಪ್ಪು ಹಾಕಿ, ಎಂಟು ಹತ್ತು ನಿಮಿಷ ಕುದಿಸಿ. ನೇರವಾಗಿ ಕುದಿನೀರಿಗೆ ಪುಡಿ ಹಾಕಿದರೆ ಮುದ್ದೆ ಮುದ್ದೆಯಾಗುತ್ತದೆ. ಇಳಿಸಿ ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಡಿ. ನುಗ್ಗೆಸೊಪ್ಪಿನ ಪುಡಿ ಹಾಕುವವರು ಕೊನೆಯ ಒಂದು ನಿಮಿಷದಲ್ಲಿ ಅರ್ಧ ಚಮಚ ಹಾಕಲಿ, ಮೊದಲೇ ಹಾಕಿ ಕುದಿಸಿದರೆ ಕಹಿ ಎದ್ದು ಕಾಣುತ್ತದೆ.

ತರಕಾರಿ ಸೂಪಿನ ಪುಡಿ

ಇದಕ್ಕೆ ಶ್ರಮ ಹೆಚ್ಚು, ಸಿಗುವುದು ಕಡಿಮೆ. ಟೊಮೆಟೊದಲ್ಲಿ ಶೇ 94ರಷ್ಟು ನೀರೇ, ಒಂದು ಕೆಜಿ ಒಣಗಿದರೆ ಉಳಿಯುವುದು 60–70 ಗ್ರಾಂ. ಕ್ಯಾರೆಟ್‌ನಲ್ಲಿ ಶೇ 88. ಬೆಲೆ ಬಿದ್ದ ವಾರ ಮಾತ್ರ ಇದಕ್ಕೆ ಕೈ ಹಾಕಿ.

ಕ್ಯಾರೆಟ್, ಬೀನ್ಸ್ ಸಣ್ಣಗೆ ಹೆಚ್ಚಿ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ಬಸಿದು ಒಣಗಿಸಿ. ಹೀಗೆ ಮಾಡದಿದ್ದರೆ ತರಕಾರಿಯೊಳಗಿನ ಕಿಣ್ವಗಳು ಒಣಗಿದ ಮೇಲೂ ಕೆಲಸ ಮಾಡುತ್ತಿದ್ದು, ತಿಂಗಳಲ್ಲಿ ಬಣ್ಣ ಕಳೆದು ಒಣಹುಲ್ಲಿನ ವಾಸನೆ ಬರುತ್ತದೆ. ಟೊಮೆಟೊಗೆ ಈ ಸ್ನಾನ ಬೇಡ. ತೆಳು ಬಿಲ್ಲೆ ಮಾಡಿ, ಸೊಳ್ಳೆಪರದೆ ಬಟ್ಟೆ ಮುಚ್ಚಿ, ಗಟ್ಟಿ ಬಿಸಿಲಿನಲ್ಲಿ ಮೂರು ನಾಲ್ಕು ದಿನ ಇಟ್ಟರೆ ಸಾಕು. ಪುಡಿ ಮಾಡಿದ ಮರುಗಳಿಗೆಯೇ ಹುರಿದ ಅಕ್ಕಿಹಿಟ್ಟಿನೊಂದಿಗೆ ಬೆರೆಸಿಬಿಡಿ. ಟೊಮೆಟೊ ಪುಡಿ ಒಂಟಿಯಾಗಿದ್ದರೆ ಗಂಟೆಯೊಳಗೆ ಹೆಪ್ಪುಗಟ್ಟುತ್ತದೆ.

50 ಗ್ರಾಂ ಟೊಮೆಟೊ ಪುಡಿಗೆ ಹುರಿದ ಅಕ್ಕಿಹಿಟ್ಟು 60 ಗ್ರಾಂ, ಹುರಿದ ಹೆಸರುಬೇಳೆಯ ಹಿಟ್ಟು 60 ಗ್ರಾಂ, ತರಕಾರಿ ಚೂರು 50 ಗ್ರಾಂ, ಕಾಳುಮೆಣಸು ಮತ್ತು ಜೀರಿಗೆ ಪುಡಿ ತಲಾ 10 ಗ್ರಾಂ, ಶುಂಠಿ ಪುಡಿ 5 ಗ್ರಾಂ. ಚೂರು ಮೆದುವಾಗಲು ಹದಿನೈದು ನಿಮಿಷ ನೆನೆಯಬೇಕು, ಆಮೇಲೆ ಹತ್ತು ನಿಮಿಷ ಕುದಿಯಬೇಕು.

ಒಂದು ಎಚ್ಚರಿಕೆ. ಸೂಪಿನ ಮಿಶ್ರಣಕ್ಕೆ ಹಸಿ ರಾಜ್ಮಾ ಕಾಳನ್ನೋ ಅದರ ಹಿಟ್ಟನ್ನೋ ಸೇರಿಸಬೇಡಿ. ನೆನೆಸಿ ಚೆನ್ನಾಗಿ ಕುದಿಸದ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ಲೆಕ್ಟಿನ್ ಇರುತ್ತದೆ.

ತಂಬುಳಿ ಪುಡಿ

ಬೆಟ್ಟದ ನೆಲ್ಲಿಯ ಒಣಗಿದ ಹೋಳು 50 ಗ್ರಾಂ, ಹುರಿದ ಜೀರಿಗೆ 20 ಗ್ರಾಂ, ಕಾಳುಮೆಣಸು 8 ಗ್ರಾಂ ಪುಡಿ ಮಾಡಿಟ್ಟರೆ ಸಾಕು. ಊಟದ ಹೊತ್ತಿಗೆ ಒಂದು ಚಮಚ ಪುಡಿಯನ್ನು ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ನೆಲ್ಲಿಯ ಬದಲು ಒಣಗಿದ ದಾಳಿಂಬೆ ಸಿಪ್ಪೆ ಹಾಕುವುದಾದರೆ ಪ್ರಮಾಣ ಕಾಲು ಭಾಗಕ್ಕಿಳಿಸಿ, ಒಗರು ಜಾಸ್ತಿ.

ತುಂಬಿಡುವುದು, ಬಳಸುವುದು

ಗಾಜಿನ ಬಾಟಲಿ, ಬಿಗಿ ಮುಚ್ಚಳ. ತೊಳೆದ ಬಾಟಲಿಯನ್ನು ಬಿಸಿಲಿಗೆ ಬೋರಲು ಹಾಕಿದ ಮೇಲೆ ಅಂಗಾತ ಮಾಡಿಯೂ ಒಂದು ಗಂಟೆ ಇಡಿ. ಎರಡು ಬಾಟಲಿ ಮಾಡಿಕೊಳ್ಳಿ: ದಿನಬಳಕೆಗೆ ಚಿಕ್ಕದು, ಉಳಿದದ್ದು ದೊಡ್ಡದರಲ್ಲಿ, ವಾರಕ್ಕೊಮ್ಮೆ ಮಾತ್ರ ತೆರೆಯುವಂತೆ. ಪ್ರತಿಯೊಂದಕ್ಕೂ ತಾರೀಕು ಅಂಟಿಸಿ. ಎಣ್ಣೆಯಿಲ್ಲದ ಸಾರಿನ ಪುಡಿ ಆರು ತಿಂಗಳವರೆಗೆ ತಿನ್ನಲು ಯೋಗ್ಯ, ಆದರೆ ಘಮ ಮೊದಲೆರಡು ತಿಂಗಳದ್ದೇ. ಹಿಟ್ಟು ಸೇರಿದ ಸೂಪಿನ ಪುಡಿಗಳನ್ನು ಮೂರು ತಿಂಗಳೊಳಗೆ ಮುಗಿಸಿ. ಫ್ರಿಜ್ಜಿನಲ್ಲಿಟ್ಟವರು ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ತಣ್ಣಗಿನ ಪುಡಿಯ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಅರ್ಧ ಗಂಟೆ ಹಾಗೇ ಇಟ್ಟು ಆಮೇಲೆ ತೆರೆಯಿರಿ.

ಕುದಿಯುವ ಸಾರಿನ ಮೇಲೆ ಬಾಟಲಿ ಬಗ್ಗಿಸಿ ಪುಡಿ ಉದುರಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದೇ ಕ್ಷಣದಲ್ಲಿ ಹಬೆ ಬಾಟಲಿಯೊಳಗೆ ಹೋಗುತ್ತದೆ, ಬೇಸಿಗೆಯಿಡೀ ಒಣಗಿಸಿದ್ದು ವ್ಯರ್ಥವಾಗುತ್ತದೆ. ಒಣ ಚಮಚದಲ್ಲಿ ಬಟ್ಟಲಿಗೆ ತೆಗೆದುಕೊಂಡು, ಮುಚ್ಚಳ ಹಾಕಿ, ಆಮೇಲೆ ಒಲೆಯ ಹತ್ತಿರ ಹೋಗಿ.

ಪುಡಿ ಬರೀ ಗಂಟಾಗಿ, ವಾಸನೆ ಚೆನ್ನಾಗಿಯೇ ಇದ್ದರೆ ಬೆಚ್ಚಗಿನ ಬಾಣಲೆಯಲ್ಲಿ ಆಡಿಸಿ ಬೇಗ ಬಳಸಿ ಮುಗಿಸಬಹುದು. ಮುಗ್ಗಲು ವಾಸನೆ ಬಂದರೆ, ಬೂಷ್ಟು ಒಂದು ಚುಕ್ಕೆ ಕಂಡರೂ, ಪೂರ್ತಿ ಬಾಟಲಿ ಚೆಲ್ಲಿ. ಮೇಲಿನದನ್ನು ಕೆರೆದು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವುದೂ ಬೇಡ, ಬಿಸಿಲಿಗೆ ಹಾಕಿ ಮತ್ತೆ ಹುರಿಯುವುದೂ ಬೇಡ. ತೇವ ಹಿಡಿದ ಮೆಣಸಿನಕಾಯಿ, ಶೇಂಗಾ, ಕೊಬ್ಬರಿಯ ಮೇಲೆ ಬೆಳೆಯುವ ಆಸ್ಪರ್ಜಿಲ್ಲಸ್ ಜಾತಿಯ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಬೂಷ್ಟು ಸತ್ತರೂ ಆ ವಿಷ ಉಳಿಯುತ್ತದೆ, ಮನೆಯ ಒಲೆಯ ಶಾಖಕ್ಕೆ ಅದು ಪೂರ್ತಿ ಹೋಗುವುದಿಲ್ಲ. ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷ ಅದು. ದನದ ಕಲಗಚ್ಚಿಗೂ ಆ ಪುಡಿಯನ್ನು ಸುರಿಯಬೇಡಿ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕಳಿಸುವುದಾದರೆ ಒಂದೊಂದು ತಿಂಗಳಿಗೆ ಸಾಕಾಗುವಷ್ಟು ಸಣ್ಣ ಪೊಟ್ಟಣಗಳನ್ನು ಬೇರೆ ಬೇರೆ ಕಟ್ಟಿ, ಎಲ್ಲವನ್ನೂ ಒಂದು ದಪ್ಪ ಚೀಲದೊಳಗೆ ಹಾಕಿ ಕೊಡಿ. ಸಾರಿನ ಪುಡಿಯ ಜೊತೆ ಸೂಪಿನ ಪುಡಿಯನ್ನು ಒಂದೇ ಚೀಲದಲ್ಲಿ ಇಟ್ಟರೆ ಎರಡಕ್ಕೂ ಇಂಗಿನ ವಾಸನೆಯೇ ಬರುತ್ತದೆ, ಬೇರೆ ಮಾಡಿ. ಎಷ್ಟು ನೀರಿಗೆ ಎಷ್ಟು ಚಮಚ, ಎಷ್ಟು ನಿಮಿಷ ಕುದಿಸಬೇಕು, ಉಪ್ಪು ಬೇರೆ ಹಾಕಿಕೊಳ್ಳಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಪೊಟ್ಟಣದ ಹೊರಗೆ ಅಂಟಿಸಿ. ಒಳಗೆ ಹಾಕಿದ ಕಾಗದವೂ ತೇವ ಒಯ್ಯುತ್ತದೆ.